ಈಜು ಬಂದರೆ ದೋಣಿಯಲ್ಲಿ ಲೈಫ್ ಜಾಕೆಟ್ ಬೇಡವೇ?

ರಜೆ ಬಂತೆಂದರೆ ಸೋಲದೇವನಹಳ್ಳಿಯಂಥ ಒಳನಾಡಿನ ಊರುಗಳಿಂದಲೂ ಕುಟುಂಬಗಳು ಕರಾವಳಿಗೆ ಹೊರಡುತ್ತವೆ. ಮಲ್ಪೆಯಲ್ಲಿ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ನೋಡುವುದು ಮಕ್ಕಳಿಗೆ ಹಬ್ಬವೇ ಸರಿ. ಇಂಥ ಪ್ರವಾಸಗಳಲ್ಲಿ ಆಗಾಗ ಕೇಳುವ ಮಾತು: “ನನಗೆ ಈಜು ಬರುತ್ತೆ, ಜಾಕೆಟ್ ಯಾಕೆ?”

ಈ ನಂಬಿಕೆ ತಪ್ಪು. ಈಜುಕೊಳದ ನೀರು ನಿಂತ ನೀರು. ಸಮುದ್ರದಲ್ಲಿ ಅಲೆಯೂ ಇದೆ, ಸೆಳೆತವೂ ಇದೆ. ಹಠಾತ್ತನೆ ಬಿದ್ದಾಗ ಗಾಬರಿಯಿಂದ ಉಸಿರೆಳೆದರೆ ನೀರು ಶ್ವಾಸನಾಳಕ್ಕೆ ಹೋಗುತ್ತದೆ. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದರೆ ಕಲಿತ ಈಜು ನೆರವಿಗೆ ಬಾರದು. ಜಾಕೆಟ್‌ ಒಳಗಿನ ಫೋಮ್ ತುಂಬ ಹಗುರ. ಅದು ಪಕ್ಕಕ್ಕೆ ತಳ್ಳುವ ನೀರಿನ ತೂಕ ಅದರ ತೂಕಕ್ಕಿಂತ ಬಹಳ ಹೆಚ್ಚು. ಹಾಗಾಗಿ ನಾವು ಕೈಕಾಲು ಬಡಿಯದಿದ್ದರೂ ಅದು ನಮ್ಮನ್ನು ತೇಲಿಸುತ್ತದೆ.

“ಬೇಕಾದಾಗ ಹಾಕಿಕೊಂಡರಾಯಿತು” ಎನ್ನುವುದೂ ಅಪಾಯವೇ. ದೋಣಿ ಮಗುಚಲು ಕೆಲವೇ ಕ್ಷಣ ಸಾಕು. ಚಿಕ್ಕ ದೋಣಿಯಲ್ಲಿ ಫೋಟೊಗಾಗಿ ಎಲ್ಲರೂ ಒಂದೇ ಬದಿಗೆ ಸರಿದರೆ ತೂಕವೂ ಅತ್ತಲೇ ವಾಲುತ್ತದೆ.

2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಹೆಚ್ಚಿನವರು ಜಾಕೆಟ್ ಧರಿಸಿರಲಿಲ್ಲ ಎಂದು ಆಗ ವರದಿಯಾಗಿತ್ತು.

ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಬೇಡಿ; ಸಡಿಲವಿದ್ದರೆ ನೀರಿನಲ್ಲಿ ಅದು ಮೇಲಕ್ಕೆ ಜಾರಿ ಮಗು ಕೆಳಗೆ ಉಳಿಯುತ್ತದೆ. ಪಟ್ಟಿ ಬಿಗಿದು, ಭುಜದ ಬಳಿ ಹಿಡಿದು ಮೇಲಕ್ಕೆಳೆದು ನೋಡಿ. ಕಿವಿಯವರೆಗೆ ಬಂದರೆ ಬೇರೆ ಜಾಕೆಟ್ ಕೇಳಿ. ಸರಿಯಾದ ಅಳತೆಯದು ಸಿಗದಿದ್ದರೆ ಆ ದೋಣಿ ಹತ್ತಬೇಡಿ.