ಉತ್ತರ ಅಪ್ಪನೇ ಹೇಳಲಿ

ಮಿದುಳಿನ ಆಪರೇಷನ್ ಆದವರ ಪಕ್ಕ ಕೂತವರಿಗೆ ಸುಮ್ಮನಿರುವುದೇ ದೊಡ್ಡ ಕಷ್ಟ. ನರ್ಸ್ ಬಂದು "ಅಜ್ಜಾ, ನಿಮ್ಮ ಹೆಸರೇನು? ಇದು ಯಾವ ಊರು? ಈಗ ಯಾವ ತಿಂಗಳು?" ಎಂದರೆ ಅಜ್ಜ ಬಾಯಿ ತೆರೆಯುವ ಮೊದಲೇ ಮಗಳು ಉತ್ತರಿಸಿಬಿಡುತ್ತಾಳೆ, ಪಾಪ, ಅಪ್ಪ ಫೇಲಾಗಬಾರದು ಅಂತ! ನರ್ಸ್ ಕೇಳುವುದು ಕುಶಲೋಪರಿಯಲ್ಲ. 1974ರಲ್ಲಿ ಗ್ಲಾಸ್ಗೋದ ಇಬ್ಬರು ನರಶಸ್ತ್ರಚಿಕಿತ್ಸಕರು ರೂಪಿಸಿದ ಅಳತೆಯದು: ಕಣ್ಣು ತೆರೆಯುವುದು, ಮಾತು, ಕೈಕಾಲಿನ ಅಲುಗಾಟ ಎಲ್ಲ ಸೇರಿ 3ರಿಂದ 15 ಅಂಕ. ಬೆಳಿಗ್ಗೆ 15 ಇದ್ದದ್ದು ಸಂಜೆಗೆ 13 ಆದರೆ ತಲೆಯೊಳಗೆ ರಕ್ತ ಸೋರುತ್ತಿದೆಯೋ, ಊತ ಹೆಚ್ಚಿದೆಯೋ ಎಂದು ಡಾಕ್ಟರು ಎಚ್ಚರಾಗುತ್ತಾರೆ. ಮಗಳ ಪ್ರೀತಿಯ ಉತ್ತರ ಆ ಸುಳಿವನ್ನೇ ಮುಚ್ಚಿಬಿಡಬಹುದು. ಇನ್ನು ಊರಿಂದ ಎಳನೀರು ಹಿಡಿದು ಬರುವ ಭಾವ. ನುಂಗುವ ಶಕ್ತಿ ಮರಳಿದೆಯೇ ಎಂದು ನೋಡದೆ ಒಂದು ಗುಟುಕು ಹಾಕಿದರೂ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆದೀತು. ಮೊದಲು ಸಿಸ್ಟರನ್ನು ಕೇಳಬೇಕು. ರಾತ್ರಿ ಅಪ್ಪ "ಹಸುವಿಗೆ ಹುಲ್ಲು ಹಾಕಿದೆಯಾ?" ಎಂದು ಟ್ಯೂಬು ಕೀಳಹೊರಟರೆ ಹುಚ್ಚು ಹಿಡಿಯಿತೆಂದು ಅಳಬೇಡಿ. ಈ ಗೊಂದಲ ಎಷ್ಟೋ ಜನರಿಗೆ ಬಂದು ಹೋಗುತ್ತದೆ. ಸಿಸ್ಟರಿಗೆ ತಿಳಿಸಿ, ಕನ್ನಡಕ ಹಾಕಿ, ಕೈ ಹಿಡಿದು "ಇದು ಆಸ್ಪತ್ರೆ ಅಪ್ಪಾ, ಆಪರೇಷನ್ ಆಯ್ತು" ಅನ್ನಿ, ಹತ್ತು ಸಲವಾದರೂ.