ಕಾಳಿಂಗನ ಊರು ಯಾವುದು?

ಮಕ್ಕಳಿಗೆ ಇಷ್ಟು ವರ್ಷ ಹೇಳಿಕೊಟ್ಟ ಒಂದು ಪಾಠವನ್ನು ಈಗ ತಿದ್ದಬೇಕಾಗಿದೆ. ಕಾಳಿಂಗ ಸರ್ಪದ ವೈಜ್ಞಾನಿಕ ಹೆಸರೇನೆಂದು ಕೇಳಿದರೆ ಇಡೀ ತರಗತಿ 'ಓಫಿಯೊಫಾಗಸ್ ಹನ್ನಾ' ಎಂದು ರಾಗವಾಗಿ ಒಪ್ಪಿಸುತ್ತಿತ್ತು. ಆಗುಂಬೆಯದಾಗಲಿ, ಅಸ್ಸಾಮಿನದಾಗಲಿ, ದೂರದ ಫಿಲಿಪೀನ್ಸ್‌ನದಾಗಲಿ, 1836ರಲ್ಲಿ ಕ್ಯಾಂಟರ್ ಇಟ್ಟ 'ಹನ್ನಾ' ಎಂಬ ಹೆಸರೇ ಎಲ್ಲಕ್ಕೂ ಸಾಕಾಗಿತ್ತು.

2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಈ ಒಂದನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದರು. ಪಶ್ಚಿಮ ಘಟ್ಟದ ಹಾವಿಗೆ ಸಿಕ್ಕ ಹೆಸರು 'ಓಫಿಯೊಫಾಗಸ್ ಕಾಳಿಂಗ'. ನಮ್ಮ ಮಲೆನಾಡಿನವರ ಬಾಯಲ್ಲಿದ್ದ ಮಾತೇ ಶಾಸ್ತ್ರದ ಪುಸ್ತಕಕ್ಕೆ ಏರಿತು ಎಂದು ನನಗೆ ಸ್ವಲ್ಪ ಹೆಮ್ಮೆಯೂ ಆಯಿತೆನ್ನಿ!

ವ್ಯತ್ಯಾಸ ಎಲ್ಲಿದೆ? ಮುಖ್ಯವಾಗಿ ಮೈಮೇಲಿನ ಪಟ್ಟೆಗಳಲ್ಲಿ. ನಮ್ಮ ಘಟ್ಟದ ಹಾವಿಗೆ 40 ಅಥವಾ ಅದಕ್ಕೂ ಕಡಿಮೆ ಪಟ್ಟೆಗಳು, ಅವುಗಳಿಗೆ ಕಪ್ಪು ಅಂಚಿಲ್ಲ. ಉತ್ತರದ ಹನ್ನಾಕ್ಕೆ ಕಪ್ಪು ಅಂಚಿನ ಪಟ್ಟೆಗಳು, ಸಾಮಾನ್ಯವಾಗಿ ಸಂಖ್ಯೆಯೂ ಹೆಚ್ಚು. ಆದರೆ ಬಣ್ಣವನ್ನಷ್ಟೇ ನಂಬುವಂತಿಲ್ಲ. ಮರಿಯಲ್ಲಿ ಎದ್ದು ಕಾಣುವ ಪಟ್ಟೆ ವಯಸ್ಸಾದಂತೆ ಮಸುಕಾಗುತ್ತದೆ. ಒಂದೇ ಕಾಡಿನ ಎರಡು ಹಾವುಗಳೂ ಪಡಿಯಚ್ಚಲ್ಲ. ಆದ್ದರಿಂದಲೇ ಸಂಶೋಧಕರು ಡಿ.ಎನ್.ಎ.ಯನ್ನೂ ಸಂಗ್ರಹಾಲಯದ ಹಳೆಯ ಮಾದರಿಗಳನ್ನೂ ಜೊತೆಗಿಟ್ಟು ನೋಡಿದರು.

ಇದು ಬರೀ ಹೆಸರಿನ ಜಗಳವಲ್ಲವೇ ಎಂದು ನೀವು ಕೇಳಬಹುದು. ಮೃಗಾಲಯದ ಕಡೆಗೆ ಬನ್ನಿ. ಕಾಳಿಂಗವನ್ನು ಬಂಧನದಲ್ಲಿ ಮರಿಮಾಡಿಸುವುದು ಸುಲಭದ ಕೆಲಸವಲ್ಲ. ಹಾವನ್ನೇ ತಿನ್ನುವ ಹಾವು ಇದು, ತನ್ನವರನ್ನೂ ಬಿಡುವುದಿಲ್ಲ. ಗಂಡು ಹೆಣ್ಣನ್ನು ಒಂದೇ ಕೋಣೆಗೆ ಬಿಟ್ಟವರು ಎದೆ ಗಟ್ಟಿ ಮಾಡಿಕೊಂಡೇ ಕಾಯಬೇಕು. ಹೆಣ್ಣಿಗೆ ರಾಶಿ ತರಗೆಲೆ ಬೇಕು, ಮೈಯ ಸುರುಳಿಯಿಂದಲೇ ಅದನ್ನು ಒಟ್ಟುಗೂಡಿಸಿ ಗೂಡು ಮಾಡಿ ಮೊಟ್ಟೆಯಿಡುತ್ತದೆ, ಕಾವಲೂ ಇರುತ್ತದೆ. ಎಲ್ಲ ದಾಟಿ ಮೊಟ್ಟೆಯೊಡೆದರೆ ಮರಿಗಳ ಊಟದ ತಕರಾರು. ಅವಕ್ಕೂ ಹಾವೇ ಬೇಕು! ಮಂಗಳೂರಿನ ಪಿಲಿಕುಳದಲ್ಲಿ ಈ ಕೆಲಸ ನಡೆದಿದೆ ಎಂಬುದು ನಮಗೆ ಸಂತೋಷದ ಸಂಗತಿ.

ಇಷ್ಟೆಲ್ಲ ಕಷ್ಟಪಡುವಾಗ ಯಾರಾದರೂ ಗಂಡನ್ನು ಘಟ್ಟದಿಂದಲೂ ಹೆಣ್ಣನ್ನು ಈಶಾನ್ಯದಿಂದಲೂ ತಂದು ಜೋಡಿ ಮಾಡಿದರೆಂದುಕೊಳ್ಳಿ. ಹೆಸರು ಒಂದೇ ಆಗಿದ್ದ ಕಾಲದಲ್ಲಿ ಅದು ತಪ್ಪೆಂದು ಯಾರಿಗೂ ತೋರುತ್ತಿರಲಿಲ್ಲ. ಮರಿಗಳು ಹುಟ್ಟಬಹುದು, ಪತ್ರಿಕೆಯಲ್ಲಿ ಫೋಟೋ ಬರಬಹುದು. ಆದರೆ ಆ ಮರಿಗಳನ್ನು ಬಿಡುವುದು ಯಾವ ಕಾಡಿಗೆ? ಲಕ್ಷಾಂತರ ವರ್ಷ ಬೇರೆಬೇರೆಯಾಗಿ ಬೆಳೆದದ್ದನ್ನು ನಾವು ಒಂದೇ ಪಂಜರದಲ್ಲಿ ಕಲಸಿಬಿಟ್ಟಿರುತ್ತೇವೆ.

ಕಚ್ಚಿಸಿಕೊಂಡವರ ಪಾಡೂ ಇದೆ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ತಯಾರಾದದ್ದು, ಕಾಳಿಂಗದ್ದಲ್ಲ. ಥಾಯ್ಲೆಂಡಿನಲ್ಲಿ ಅಲ್ಲಿಯ ಹಾವಿನ ವಿಷದಿಂದ ಮಾಡಿದ ಔಷಧವಿದೆ. ಅದು ನಮ್ಮ ಘಟ್ಟದ ಹಾವಿಗೆ ಎಷ್ಟು ಒಗ್ಗುತ್ತದೆ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಮೊನ್ನೆ ತರಗತಿಯಲ್ಲಿ ಇದನ್ನೆಲ್ಲ ಹೇಳಿದಾಗ ಹಿಂದಿನ ಬೆಂಚಿನ ಹುಡುಗ ಎದ್ದು, "ಸಾರ್, ಪರೀಕ್ಷೇಲಿ ಯಾವ ಹೆಸರು ಬರೀಬೇಕು?" ಎಂದ. ಪಠ್ಯಪುಸ್ತಕದಲ್ಲಿ ಹಳೆಯದೇ ಇದೆ. ಎರಡನ್ನೂ ಬರಿ, ಪಕ್ಕದಲ್ಲಿ ಹಾವಿನ ಊರನ್ನೂ ಬರಿ ಎಂದೆ. ಉತ್ತರಪತ್ರಿಕೆ ತಿದ್ದುವ ಪುಣ್ಯಾತ್ಮರು ಅಂಕ ಕೊಡುತ್ತಾರೋ ಇಲ್ಲವೋ, ಕಾಣೆ.