ವೃಷಭಾವತಿಗೆ ಮೀನು ಮರಳುವುದು ಯಾವಾಗ?

ಬೇಸಿಗೆಯಲ್ಲಿ ವೃಷಭಾವತಿಯ ಪುನಶ್ಚೇತನದ ಮಾತು ಬರುತ್ತದೆ. ಮಳೆಗಾಲದಲ್ಲಿ ಅದೇ ವೃಷಭಾವತಿಯ ಕೊಳಚೆ ನಮ್ಮ ರಸ್ತೆಗೆ ಬರುತ್ತದೆ. ಎರಡೂ ನಮಗೆ ರೂಢಿಯಾಗಿಬಿಟ್ಟಿವೆ. ರೂಢಿಯಾಗಬಾರದಿತ್ತು.

ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ್ದೆಂದು ಜನ ನಂಬಿದ ಹೊಳೆ ಇದು. ಮೈಸೂರು ರಸ್ತೆಯ ಮಗ್ಗುಲಲ್ಲೇ ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಯ ಜೊತೆಗೂಡಿ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಇಂಥ ನದಿಯನ್ನು ನಾವು ಮೋರಿ ಎಂದು ಕರೆಯುವಂತಾಗಿದೆ.

ದಡ ಭದ್ರಪಡಿಸುತ್ತೇವೆ ಎಂದರೆ ನಮ್ಮಲ್ಲಿ ಒಂದೇ ಅರ್ಥ: ಎರಡೂ ಕಡೆ ಕಾಂಕ್ರೀಟ್ ತಡೆಗೋಡೆ. ಅಂಕುಡೊಂಕಾಗಿ ಹರಿಯುತ್ತಿದ್ದ ನೀರನ್ನು ನೇರ ಮಾಡಿದರೆ ಅದರ ವೇಗ ಹೆಚ್ಚುತ್ತದೆ. ಆ ವೇಗ ಗೋಡೆಯ ಬುಡದ ಮಣ್ಣನ್ನೇ ಕೊರೆಯುತ್ತದೆ. 2020ರ ಮಳೆಯಲ್ಲಿ ಮೈಸೂರು ರಸ್ತೆಯ ಬದಿಯ ತಡೆಗೋಡೆ ಕುಸಿಯಿತು. ಬಿದ್ದ ಗೋಡೆಗೆ ನಮ್ಮಲ್ಲಿರುವ ಪರಿಹಾರ ಇನ್ನೊಂದು ಗೋಡೆ.

ದಡವನ್ನು ನಿಜಕ್ಕೂ ಹಿಡಿದು ನಿಲ್ಲಿಸುವುದು ಬೇರು. ಕಡಿದಾದ ದಡವನ್ನು ಇಳಿಜಾರು ಮಾಡಿ, ಬುಡಕ್ಕೆ ಕಲ್ಲು ಜೋಡಿಸಿ, ಮೇಲೆ ಲಾವಂಚ, ಲಕ್ಕಿ, ಹೊಂಗೆ, ಹೊಳೆಮತ್ತಿ ಬೆಳೆಸಿದರೆ ಮಣ್ಣು ನಿಲ್ಲುತ್ತದೆ. ಹೊಳೆ ಬದಿಯ ಗದ್ದೆಯವರಿಗೆ ಇದು ಹೊಸ ಪಾಠವಲ್ಲ. ಯೋಜನೆ ಬರೆಯುವವರು ಅವರನ್ನು ಕೇಳುವುದಿಲ್ಲ.

ಮೀನಿಗೂ ಇದೇ ಬೇಕು. ಬಿಸಿಲಿಗೆ ನೆರಳು, ಬೇಸಿಗೆಗೆ ಮಡು, ಮೊಟ್ಟೆಯಿಡಲು ಜಲ್ಲಿಕಲ್ಲು, ಮರಿಗಳಿಗೆ ಬೇರಿನ ಸಂದಿ. ತಳಕ್ಕೂ ಕಾಂಕ್ರೀಟ್ ಹಾಕಿದಲ್ಲಿ ಇವು ಯಾವುವೂ ಉಳಿಯುವುದಿಲ್ಲ, ನೀರೂ ನೆಲಕ್ಕೆ ಇಂಗುವುದಿಲ್ಲ. ಅದನ್ನು ಅಭಿವೃದ್ಧಿ ಎಂದು ಲೆಕ್ಕಕ್ಕೆ ಬರೆಯಲಾಗುತ್ತದೆ.

ಹೊಳೆಗೆ ಜಾಗವೂ ಬೇಕು. ಪ್ರಾಥಮಿಕ ರಾಜಕಾಲುವೆಯ ಅಂಚಿನಿಂದ 50 ಮೀಟರ್ ಬಯಲು ಬಿಡಬೇಕೆಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತ್ತು. ನಗರ ಯೋಜನೆಯ ನಿಯಮ ಮೀರುವ ಅಧಿಕಾರ ಅದಕ್ಕಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಕಾನೂನಿನ ಗೆರೆ ಎಲ್ಲಿದ್ದರೂ ಪ್ರವಾಹ ತನ್ನ ಹಳೆಯ ಜಾಗವನ್ನು ಮರೆಯುವುದಿಲ್ಲ.

ಇಷ್ಟೆಲ್ಲಕ್ಕೂ ಮೊದಲು ಕೊಳಚೆ ನಿಲ್ಲಬೇಕು. ಮನೆಗಳ ಒಳಚರಂಡಿ ನೀರು, ಪೀಣ್ಯದ ಕಡೆಯ ಕಾರ್ಖಾನೆಗಳ ತ್ಯಾಜ್ಯ ಹೊಳೆಗೆ ಸೇರುತ್ತಿರುವವರೆಗೆ ದಡದಲ್ಲಿ ಏನು ನೆಟ್ಟರೂ ನೀರಿನಲ್ಲಿ ಜೀವ ಇರದು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸತ್ತ ಮೀನು ರಾಶಿರಾಶಿಯಾಗಿ ತೇಲಿದ್ದನ್ನು ನಾವೇ ನೋಡಿದ್ದೇವೆ. ಆದರೂ ನಮ್ಮ ಯೋಜನೆಗಳಲ್ಲಿ ಮೊದಲು ಬರುವುದು ನಡಿಗೆ ಪಥ, ದೀಪದ ಕಂಬ.

ನಾಗರಿಕರಾದ ನಾವು ಕೇಳಬೇಕಾದದ್ದು ಒಂದೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡದಂತೆ ಮೀನು ಬದುಕುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ವೃಷಭಾವತಿಯ ಪ್ರತಿ ಸೇತುವೆಯ ಮೇಲೆ ಆ ತಿಂಗಳ ಅಂಕಿಯನ್ನು ಫಲಕದಲ್ಲಿ ಬರೆಯಲಿ. ಅದು 4 ದಾಟುವವರೆಗೆ ಕಾಮಗಾರಿ ಮುಗಿಯಿತೆಂದು ಯಾರು ಹೇಳಿದರೂ ಒಪ್ಪಬೇಡಿ.